ಬ್ರ್ಯಾಂಡೆಡ್ ಅಂದ್ರೆ ಒಳ್ಳೇದಲ್ವೇನ್ರೀ?

ಕಾರಿಗೆ ಗುದ್ದಿಸಿಕೊಂಡ ದಿನಕ್ಕಿಂತ ಅದಾದ ಆರನೇ ದಿನವೇ ನನಗೆ ಹೆಚ್ಚು ನೆನಪಿದೆ. 2022ರ ಅಕ್ಟೋಬರ್. ಡಲ್ಲಾಸ್ ಪಕ್ಕದ ಅರ್ವಿಂಗ್‌ನಲ್ಲಿ ನಮ್ಮ ಮನೆ. ಸಂಜೆ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದಾಗ ಇನ್ಶೂರೆನ್ಸ್ ಕಂಪನಿಯ ಅಡ್ಜಸ್ಟರ್ ಫೋನ್ ಬಂತು. ಕೈ ಒದ್ದೆ ಇತ್ತು ಅಂತ ಸ್ಪೀಕರ್ ಹಾಕಿದೆ. ಅದೇ ತಪ್ಪಾಯ್ತು.

ಆ ಮನುಷ್ಯ ಬಹಳ ವಿನಯವಾಗಿಯೇ ಹೇಳಿದ. ನಿಮ್ಮ ಕಾರು ಟೋಟಲ್ ಲಾಸ್, ರಿಪೇರಿ ಮಾಡಿಸೋದು ದಂಡ. ಕಾರಿನ ಬೆಲೆ ಕೊಡ್ತೀವಿ. ಆದರೆ ಟೈಟಲ್ ಬ್ರ್ಯಾಂಡೆಡ್ ಇರೋದ್ರಿಂದ ಅದರಲ್ಲಿ ಶೇಕಡ 40 ಕಳೀತೀವಿ.

ಟೇಬಲ್ ಹತ್ತಿರ ಕೂತು ಬಟಾಣಿ ಬಿಡಿಸುತ್ತಿದ್ದ ನನ್ನಾಕೆ ತಲೆ ಎತ್ತಿದಳು. "ಬ್ರ್ಯಾಂಡೆಡ್ ಅಂದ್ರೆ ಒಳ್ಳೇದಲ್ವೇನ್ರೀ? ಅದಕ್ಯಾಕೆ ಕಡಿಮೆ ಮಾಡ್ತಾರೆ?"

ಈರುಳ್ಳಿ ನೆಪದಲ್ಲಿ ಕಣ್ಣು ಒರೆಸಿಕೊಂಡೆ. ಮದುವೆಯಾಗಿ ಹತ್ತು ತಿಂಗಳಾಗಿತ್ತು. ಅವಳು ಅಮೆರಿಕಕ್ಕೆ ಬಂದು ಡ್ರೈವಿಂಗ್ ಕಲಿತಿದ್ದೇ ಆ ಕಾರಿನಲ್ಲಿ. ಸಿಗ್ನಲ್ ಜಂಪ್ ಮಾಡಿದ ಒಬ್ಬ ಬಂದು ಗುದ್ದಿದಾಗ ಒಳಗಿದ್ದವಳೂ ಅವಳೇ. ಆದರೆ ಅದು ಒಂದು ಸಲ ಗುಜರಿ ಅಂತ ಬರೆಸಿಕೊಂಡು ಮತ್ತೆ ರಸ್ತೆಗೆ ಬಂದ ಕಾರು ಅನ್ನೋದನ್ನ ನಾನು ಅವಳಿಗೆ ಹೇಳಿರಲೇ ಇಲ್ಲ.

ಊರಲ್ಲಿರೋ ಓದುಗರಿಗೆ ಈ ಟೈಟಲ್ ಅಂದ್ರೇನು ಅಂತ ಮೊದಲು ಹೇಳಿಬಿಡ್ತೀನಿ. ನಮ್ಮಲ್ಲಿ ಜಮೀನಿಗೆ ಪಹಣಿ ಇರೋ ಹಾಗೆ ಇಲ್ಲಿ ಪ್ರತಿ ಕಾರಿಗೂ ಒಂದು ಹಕ್ಕುಪತ್ರ ಇರುತ್ತೆ, ಅದೇ ಟೈಟಲ್. ಕೊಡೋದು ರಾಜ್ಯ ಸರ್ಕಾರ. ಅಪಘಾತದಲ್ಲೋ ನೆರೆಯಲ್ಲೋ ಕಾರು ಒಂದು ಮಿತಿಗಿಂತ ಹೆಚ್ಚು ಹಾಳಾದರೆ ಆ ಕಾಗದದ ಮೇಲೆ 'ಸಾಲ್ವೇಜ್' ಅಂತ ಷರಾ ಬೀಳುತ್ತೆ. ಷರಾ ಬಿದ್ದ ಕಾರು ರಸ್ತೆಗೆ ಇಳಿಯೋ ಹಾಗಿಲ್ಲ. ಯಾರಾದರೂ ಕೊಂಡು, ರಿಪೇರಿ ಮಾಡಿ, ಏನೇನು ರಿಪೇರಿ ಮಾಡಿದೆ ಅಂತ ಬರೆದುಕೊಟ್ಟು ಮತ್ತೆ ನೋಂದಾಯಿಸಿದರೆ ಆ ಷರಾ 'ರೀಬಿಲ್ಟ್' ಅಂತ ಬದಲಾಗುತ್ತೆ. ಹೋಗೋದಿಲ್ಲ, ಬದಲಾಗುತ್ತೆ ಅಷ್ಟೆ. ಕಾರು ಸಾಯೋ ತನಕ ಆ ಹಣೆಬರಹ ಅದರ ಜೊತೆಗೇ. ಅದನ್ನೇ ಇವರು ಬ್ರ್ಯಾಂಡ್ ಅಂತಾರೆ. ದನಕ್ಕೆ ಬರೆ ಹಾಕ್ತಾರಲ್ಲ, ಆ ಅರ್ಥದ ಬ್ರ್ಯಾಂಡು. ಅಂಗಡಿ ಬ್ರ್ಯಾಂಡಲ್ಲ.

ಈ ಮಿತಿ ಎಷ್ಟು ಅನ್ನೋದು ಒಂದೊಂದು ರಾಜ್ಯಕ್ಕೆ ಒಂದೊಂದು ಥರ. ಟೆಕ್ಸಾಸ್‌ನಲ್ಲಿ ರಿಪೇರಿ ಖರ್ಚು ಕಾರಿನ ಪೂರ್ತಿ ಬೆಲೆಯನ್ನೇ ಮೀರಬೇಕು. ನಡುವೆ ಇರೋ ರೆಡ್ ನದಿ ದಾಟಿ ಒಕ್ಲಹೋಮಕ್ಕೆ ಹೋದರೆ ಬೆಲೆಯ ಶೇಕಡ 60 ದಾಟಿದರೆ ಸಾಕು. ಅಂದರೆ ಒಂದೇ ಕಾರು, ಒಂದೇ ಪೆಟ್ಟು, ನದಿಯ ಈ ಕಡೆ ಗುದ್ದಿಸಿಕೊಂಡರೆ ಮರ್ಯಾದಸ್ಥ, ಆ ಕಡೆ ಗುದ್ದಿಸಿಕೊಂಡರೆ ಗುಜರಿ. ಇದರ ಮೇಲೆ ಕಂಪನಿಯವರದ್ದೇ ಒಂದು ಲೆಕ್ಕ ಬೇರೆ. ರಿಪೇರಿ ಖರ್ಚು, ಹಾಳಾದ ಕಾರು ಹರಾಜಿನಲ್ಲಿ ತರೋ ದುಡ್ಡು ಎರಡೂ ಸೇರಿ ಕಾರಿನ ಬೆಲೆಗಿಂತ ಜಾಸ್ತಿ ಅನ್ನಿಸಿದರೆ, ಕಾನೂನಿನ ಮಿತಿ ಮುಟ್ಟದೇ ಇದ್ದರೂ ಅವರು ಟೋಟಲ್ ಅಂದುಬಿಡ್ತಾರೆ. ಆ ಹರಾಜು ನಡೆಸೋ ದೊಡ್ಡ ಕಂಪನಿಗಳಲ್ಲೊಂದಾದ ಕೋಪಾರ್ಟ್ 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿದ್ದು, ಈಗ ಅದರ ಮುಖ್ಯ ಕಚೇರಿ ನಮ್ಮ ಡಲ್ಲಾಸ್‌ನಲ್ಲೇ ಇದೆ. ಹರಾಜು ಎಲ್ಲಾ ಆನ್‌ಲೈನು. ಬೇರೆ ದೇಶದವರೂ ಕೂತಲ್ಲಿಂದಲೇ ಕೂಗ್ತಾರೆ.

ನನ್ನ 2015ರ ಕ್ಯಾಮ್ರಿ ಒಕ್ಲಹೋಮದ್ದು. ಹಿಂದಿನಿಂದ ಯಾರೋ ಗುದ್ದಿ ಡಿಕ್ಕಿ, ಬಂಪರ್, ಒಂದು ಕಡೆ ಮಡ್‌ಗಾರ್ಡ್ ನಜ್ಜುಗುಜ್ಜಾಗಿತ್ತು. ರಿಪೇರಿ ಮಾಡಿ ಡಲ್ಲಾಸ್‌ಗೆ ತಂದು ಮಾರಿದವನಿಂದ 2020ರಲ್ಲಿ ನಾನು 8,200 ಡಾಲರಿಗೆ ಕೊಂಡೆ. ಷರಾ ಇಲ್ಲದ ಅದೇ ಕಾರು ಆಗ 12,500ರ ಆಸುಪಾಸಿನಲ್ಲಿತ್ತು. ಎಂಎಸ್ ಮುಗಿದು ಕೆಲಸ ಸಿಕ್ಕ ಹೊಸತು. ಶಿವಮೊಗ್ಗದಲ್ಲಿ ಅಪ್ಪ ಮನೆ ಅಡ ಇಟ್ಟು ತೆಗೆದಿದ್ದ ಎಜುಕೇಷನ್ ಲೋನ್ ಬಡ್ಡಿ ಸಮೇತ ಕಾಯುತ್ತಾ ಇತ್ತು. ಉಳಿದ ನಾಲ್ಕು ಸಾವಿರ ಡಾಲರ್ ಅಂದರೆ ನನಗೆ ಆಗ ನಾಲ್ಕೈದು ತಿಂಗಳ ಕಂತು. ಇಂಥ ಕಾರಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡಲ್ಲ, ಕೈಯಿಂದಲೇ ಕೊಟ್ಟೆ. ಕೆಲವು ಇನ್ಶೂರೆನ್ಸ್ ಕಂಪನಿಗಳು ಪೂರ್ತಿ ಪಾಲಿಸಿ ಕೊಡೋಕೂ ಹಿಂಜರಿದವು. ಮೂರು ಕಡೆ ಕೇಳಿದ ಮೇಲೆ ಒಂದು ಒಪ್ಪಿತು. ಪ್ರೀಮಿಯಂನಲ್ಲಿ ರಿಯಾಯಿತಿ ಏನೂ ಇರಲಿಲ್ಲ ಅನ್ನೋದನ್ನ ಈಗ ನೆನಪು ಮಾಡಿಕೊಂಡರೆ ಹೊಟ್ಟೆ ಉರಿಯುತ್ತೆ.

ಇಷ್ಟೂ ಕಥೆ ಅವತ್ತು ಉಪ್ಪಿಟ್ಟು ತಣ್ಣಗಾಗೋ ತನಕ ಅವಳಿಗೆ ಹೇಳಿದೆ. ಜಗಳ ಆಗುತ್ತೆ ಅಂದುಕೊಂಡಿದ್ದೆ. ಆಗಲಿಲ್ಲ. ಏರ್‌ಬ್ಯಾಗ್ ತರಚಿ ಕೆಂಪಾಗಿದ್ದ ಮುಂಗೈಯನ್ನ ಒಂದು ಸಲ ನೋಡಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಇದರೊಳಗೆ ಏರ್‌ಬ್ಯಾಗ್ ಇದೆ ಅಂತ ನಿಮಗೆ ಗೊತ್ತಿತ್ತಾ?"

ಗೊತ್ತಿತ್ತು ಅಂದೆ. ಮೊದಲಿನ ಅಪಘಾತ ಹಿಂದಿನಿಂದ ಆಗಿದ್ದು, ಹರಾಜಿನ ಫೋಟೋದಲ್ಲಿ ಸ್ಟೀರಿಂಗ್ ಹಾಗೇ ಇತ್ತು, ಏರ್‌ಬ್ಯಾಗ್ ಬಿಚ್ಚಿಕೊಂಡಿರಲಿಲ್ಲ ಅಂದೆ. ಅದೆಲ್ಲ ನಿಜವೇ. ಆದರೆ ಕೊಳ್ಳೋವಾಗ ನಾನು ಆ ಫೋಟೋಗಳನ್ನ ಏರ್‌ಬ್ಯಾಗಿಗೋಸ್ಕರ ನೋಡಿರಲಿಲ್ಲ, ಪೇಂಟ್ ಮ್ಯಾಚ್ ಆಗಿದೆಯಾ ಅಂತ ನೋಡಿದ್ದೆ. ಸ್ಟೀರಿಂಗ್ ಕಣ್ಣಿಗೆ ಬಿದ್ದದ್ದು ಅದೃಷ್ಟ. ರಿಪೇರಿ ಮಾಡೋ ಎಲ್ಲರೂ ಮೋಸಗಾರರಲ್ಲ, ಆದರೆ ಬಿಚ್ಚಿಕೊಂಡ ಏರ್‌ಬ್ಯಾಗಿನ ಜಾಗದಲ್ಲಿ ಅಗ್ಗದ್ದನ್ನ ಹಾಕಿ ಮುಚ್ಚಿದರೆ ಕೊಳ್ಳೋನಿಗೆ ಗೊತ್ತಾಗೋದು ಹೇಗೆ? 2024ರಲ್ಲಿ ಇಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಇದರ ಬಗ್ಗೆಯೇ ಎಚ್ಚರಿಕೆ ಹೊರಡಿಸಿತು. ಹಿಂದೊಮ್ಮೆ ಅಪಘಾತವಾಗಿ ರಿಪೇರಿಯಾದ ಕಾರುಗಳಲ್ಲಿ ಕಳಪೆ ಬದಲಿ ಇನ್‌ಫ್ಲೇಟರ್‌ಗಳು ಸಿಡಿದು ಜನ ಸತ್ತಿದ್ದರು. ಆ ಸುದ್ದಿ ಓದಿದ ದಿನ ನಾನು ಅವಳಿಗೆ ತೋರಿಸಲಿಲ್ಲ. ಮಾರನೇ ದಿನ ಅವಳೇ ನನಗೆ ಫಾರ್ವರ್ಡ್ ಮಾಡಿದಳು. ಜೊತೆಗೆ ಒಂದು ಮಾತೂ ಬರೆದಿರಲಿಲ್ಲ.

ಸರಿ, ದುಡ್ಡಿನ ವಿಷಯಕ್ಕೆ ಬರ್ತೀನಿ.

ಗುದ್ದಿದವನ ಹತ್ತಿರ ಇನ್ಶೂರೆನ್ಸೇ ಇರಲಿಲ್ಲ. ಹಾಗಾಗಿ ನಮ್ಮ ಪಾಲಿಸಿಯಿಂದಲೇ ಬರಬೇಕು, ಅದರಲ್ಲಿ ಮೊದಲ 500 ಡಾಲರ್ ನಮ್ಮ ಪಾಲು. ಕಂಪನಿ ಕಳಿಸಿದ ಲೆಕ್ಕ ಹೀಗಿತ್ತು: ಇಂಥ ಕ್ಯಾಮ್ರಿಯ ಮಾರುಕಟ್ಟೆ ಬೆಲೆ 14,200. ಅದರಲ್ಲಿ ಶೇಕಡ 40 ಕಳೆದರೆ 8,520. ಅದರ ಮೇಲೆ ಟೆಕ್ಸಾಸ್‌ನ ಸೇಲ್ಸ್ ಟ್ಯಾಕ್ಸ್ ಶೇಕಡ 6.25 ಸೇರಿಸಿ, 500 ಕಳೆದರೆ ಕೈಗೆ 8,552 ಡಾಲರ್.

ಅಪ್ಪನಿಗೆ ಫೋನಲ್ಲಿ ಹೇಳಿದೆ. "ಎಷ್ಟಕ್ಕೆ ತಗೊಂಡಿದ್ಯೋ?" ಅಂದರು. 8,200 ಅಂದೆ. "ಎರಡು ವರ್ಷ ಓಡ್ಸಿದೀಯ, ಕೊಟ್ಟಿದ್ದಕ್ಕಿಂತ ಜಾಸ್ತಿ ಬರ್ತಾ ಇದೆ. ಸುಮ್ನೆ ತಗೊಂಡು ದೇವರಿಗೆ ಒಂದು ಕಾಯಿ ಒಡಿ. ಇನ್ನೇನು ಗೋಳು ನಿಂದು?"

ಅಪ್ಪ ಹೇಳಿದ್ದರಲ್ಲಿ ತಪ್ಪಿಲ್ಲ ಅನ್ನಿಸಿತು, ಒಂದು ರಾತ್ರಿ. ಮಾರನೇ ದಿನ ಬೆಳಿಗ್ಗೆ ಅದೇ ದುಡ್ಡಿಗೆ ಅಂಥದ್ದೇ ಇನ್ನೊಂದು ರೀಬಿಲ್ಟ್ ಕಾರು ಸಿಗುತ್ತಾ ಅಂತ ಹುಡುಕಿದೆ. ಸಿಗಲಿಲ್ಲ. ಕೋವಿಡ್ ಕಾಲದಲ್ಲಿ ಚಿಪ್ ಕೊರತೆಯಾಗಿ ಹೊಸ ಕಾರು ಬರದೆ ಹಳೇ ಕಾರುಗಳ ಬೆಲೆ ಏರಿಬಿಟ್ಟಿತ್ತಲ್ಲ, ಗುಜರಿ ಷರಾ ಇದ್ದವೂ ಏರಿದ್ದವು. ಪಾಲಿಸಿಯಲ್ಲಿ ಬರೆದಿದ್ದು 'ಆ್ಯಕ್ಚುವಲ್ ಕ್ಯಾಶ್ ವ್ಯಾಲ್ಯೂ', ಅಂದರೆ ಗುದ್ದೋ ಮುಂಚಿನ ಕ್ಷಣದಲ್ಲಿ ಆ ಕಾರು ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಹೋಗ್ತಿತ್ತೋ ಅಷ್ಟು. ನಾನೆಷ್ಟು ಕೊಟ್ಟು ಕೊಂಡಿದ್ದೆ ಅನ್ನೋದು ಅದರಲ್ಲಿ ಬರೋದೇ ಇಲ್ಲ. ಷರಾ ಇರೋ ಕಾರಿಗೆ ಕಡಿಮೆ ಕೊಡೋದೂ ಇದೇ ತರ್ಕದಿಂದ, ಅದನ್ನ ನಾನು ಒಪ್ತೀನಿ. ಕೊಳ್ಳೋವಾಗ ಷರಾ ತೋರಿಸಿ ರಿಯಾಯಿತಿ ಪಡೆದವನು, ಪರಿಹಾರ ತಗೊಳ್ಳೋವಾಗ ಷರಾ ಲೆಕ್ಕಕ್ಕೇ ಬರಬಾರದು ಅಂದರೆ ಹೇಗೆ? ಕಳೀಲಿ. ಆದರೆ 40 ಯಾಕೆ? 38 ಯಾಕಲ್ಲ, 22 ಯಾಕಲ್ಲ?

ಅಡ್ಜಸ್ಟರ್‌ಗೆ ಇದನ್ನೇ ಕೇಳಿದೆ. "ಅದು ನಮ್ಮ ಸ್ಟ್ಯಾಂಡರ್ಡ್" ಅಂದ. ನಮ್ಮ ಕೆಲಸದಲ್ಲಿ ಇದಕ್ಕೆ ಹಾರ್ಡ್‌ಕೋಡ್ ಮಾಡೋದು ಅಂತೀವಿ. ಯಾವನೋ ಯಾವಾಗಲೋ ಒಂದು ಸಂಖ್ಯೆ ಟೈಪ್ ಮಾಡಿ ಹೋಗಿರ್ತಾನೆ, ಆಮೇಲೆ ಬಂದವರು ಅದನ್ನ ಮುಟ್ಟೋಕೆ ಹೆದರ್ತಾರೆ. ಇಲ್ಲಿ ರೀಬಿಲ್ಟ್ ಕಾರಿಗೆ ಸಾಮಾನ್ಯವಾಗಿ 20ರಿಂದ 40ರವರೆಗೆ ಕಳೀತಾರೆ ಅಂತ ಮಾತಿದೆ. ಕಂಪನಿ ಮೇಲಿನ ತುದಿಯನ್ನೇ ಹಿಡಿದುಕೊಂಡಿತ್ತು. ನೆರೆಯಲ್ಲಿ ಮುಳುಗಿದ ಕಾರಿಗೂ ಅದೇ, ಡಿಕ್ಕಿ ಜಜ್ಜಿದ ಕಾರಿಗೂ ಅದೇ. 2017ರಲ್ಲಿ ಹಾರ್ವಿ ಚಂಡಮಾರುತ ಬಂದಾಗ ಹ್ಯೂಸ್ಟನ್ ಸುತ್ತಮುತ್ತ ಲಕ್ಷಗಟ್ಟಲೆ ಕಾರು ನೀರಲ್ಲಿ ನಿಂತವು. ಅಂಥದ್ದರ ವೈರಿಂಗ್ ಯಾವತ್ತು ಕೈಕೊಡುತ್ತೋ ಹೇಳೋಕಾಗಲ್ಲ. ಅದನ್ನೂ ನನ್ನ ಕಾರನ್ನೂ ಒಂದೇ ತಕ್ಕಡಿಗೆ ಹಾಕಿದರೆ ಹೇಗೆ?

ಮೌಲ್ಯಮಾಪನದ ಪೂರ್ತಿ ವರದಿ ಕಳಿಸಿ ಅಂದೆ. ಕೇಳಿದರೆ ಮಾತ್ರ ಕಳಿಸ್ತಾರೆ, ನೆನಪಿಟ್ಟುಕೊಳ್ಳಿ. ಹದಿನೈದು ಪುಟದ ಪಿಡಿಎಫ್ ಬಂತು. ಕೋಡ್ ರಿವ್ಯೂ ಮಾಡೋ ಹಾಗೆ ರಾತ್ರಿ ಕೂತು ಸಾಲು ಸಾಲು ಓದಿದೆ. ಮೂರನೇ ಪುಟದಲ್ಲೇ ಸಿಕ್ಕಿತು. ನನ್ನದು ಚರ್ಮದ ಸೀಟು, ಸನ್‌ರೂಫ್ ಇರೋ ಎಕ್ಸ್‌ಎಲ್‌ಇ ಮಾದರಿ. ಅವರು ಹೋಲಿಸಿದ್ದು ಕೆಳಗಿನ ಎಲ್‌ಇ ಮಾದರಿ ಜೊತೆ. ಕಾರಿನ ಚಾಸಿ ನಂಬರ್, ಇಲ್ಲಿ ವಿನ್ ಅಂತಾರೆ, 17 ಅಕ್ಷರ-ಅಂಕಿಗಳದ್ದು, ವರದಿಯಲ್ಲೇ ಇತ್ತು. ಅದನ್ನ ಹಾಕಿ ನೋಡಿದ್ದರೆ ಮಾದರಿ ತಾನಾಗೇ ಬರ್ತಿತ್ತು. ಇನ್ನೊಂದು, ಹೋಲಿಕೆಗೆ ತೆಗೆದುಕೊಂಡಿದ್ದ ನಾಲ್ಕೂ ಕಾರು ಷರಾ ಇಲ್ಲದವು. ಅವುಗಳ ಸರಾಸರಿ ತೆಗೆದು, ಮೇಲಿನಿಂದ 40 ಕೆತ್ತಿದ್ದರು.

ಇಲ್ಲೊಂದು ಕೆಲಸ ನನ್ನಾಕೆ ಮಾಡಿದಳು, ಅದನ್ನ ಹೇಳಲೇಬೇಕು. ನನ್ನ ಆಫೀಸಿನ ಡೆಡ್‌ಲೈನು, ನಾನು ಎರಡು ದಿನ ಅದನ್ನ ಪಕ್ಕಕ್ಕಿಟ್ಟಿದ್ದೆ. ಆಗ ಎಚ್4 ವೀಸಾದಲ್ಲಿ ಮನೆಯಲ್ಲೇ ಇದ್ದ ಅವಳು 150 ಮೈಲಿ ಒಳಗೆ ಮಾರಾಟಕ್ಕಿದ್ದ, ರೀಬಿಲ್ಟ್ ಷರಾ ಇರೋ, ಅದೇ ಮಾದರಿಯ ಮೂರು ಕ್ಯಾಮ್ರಿ ಹುಡುಕಿ, ಜಾಹೀರಾತುಗಳ ಸ್ಕ್ರೀನ್‌ಶಾಟ್ ತೆಗೆದು, ಓಡಿದ ಮೈಲಿ, ಬೆಲೆ, ಊರು ಎಲ್ಲಾ ಒಂದು ಎಕ್ಸೆಲ್‌ನಲ್ಲಿ ಹಾಕಿಟ್ಟಿದ್ದಳು. ಮೂರರದ್ದೂ ಸರಾಸರಿ ತೆಗೆದರೆ ಷರಾ ಇಲ್ಲದ ಕಾರಿಗಿಂತ ಶೇಕಡ 24, 25 ಕಡಿಮೆ. ಕೋಪ ಇನ್ನೂ ಇತ್ತು, ಮಾತು ಎಷ್ಟು ಬೇಕೋ ಅಷ್ಟೇ. ಆದರೆ ಎಕ್ಸೆಲ್ ಮಾತ್ರ ಅಚ್ಚುಕಟ್ಟಾಗಿತ್ತು.

ಅದರ ಜೊತೆ ಹಳೇ ಹರಾಜಿನ ಫೋಟೋ, ಆಗಿನ ರಿಪೇರಿ ಬಿಲ್ಲು, ಅಪಘಾತಕ್ಕೆ ಮೂರು ವಾರ ಮುಂಚೆ ಹಾಕಿಸಿದ್ದ ಟೈರಿನ ರಸೀದಿ ಸೇರಿಸಿ ಮೇಲ್ ಮಾಡಿದೆವು. ಕೂಗಾಡಲಿಲ್ಲ. ಲಾಯರ್ ಹತ್ರ ಹೋಗ್ತೀನಿ ಅನ್ನಲಿಲ್ಲ. ಪಾಲಿಸಿಯಲ್ಲಿ ಅಪ್ರೇಸಲ್ ಅಂತ ಒಂದು ಷರತ್ತಿದೆ. ಬೆಲೆ ಒಪ್ಪಿಗೆ ಆಗದಿದ್ದರೆ ಎರಡೂ ಕಡೆಯವರು ಒಬ್ಬೊಬ್ಬ ತಜ್ಞನನ್ನ ನೇಮಿಸಿ ತೀರ್ಮಾನ ಮಾಡಿಸಬಹುದು ಅನ್ನೋದು. ಅದು ನಮಗೆ ಗೊತ್ತಿದೆ ಅಂತ ಕೊನೇ ಸಾಲಲ್ಲಿ ಬರೆದೆವು. ತಜ್ಞನ ಫೀಸು ನಮ್ಮ ಕೈಯಿಂದಲೇ ಹೋಗೋದು, ಹಾಗಾಗಿ ಅದನ್ನ ಬಳಸೋ ಮನಸ್ಸು ನಮಗೂ ಇರಲಿಲ್ಲ ಅನ್ನೋದು ಬೇರೆ ಮಾತು.

ಒಂಬತ್ತು ದಿನ ಉತ್ತರ ಇಲ್ಲ. ಆಮೇಲೆ ಹೊಸ ಲೆಕ್ಕ ಬಂತು. ಮಾದರಿ ಸರಿಪಡಿಸಿ ಬೆಲೆ 15,400. ಷರಾಕ್ಕೆ ಶೇಕಡ 25 ಕಳೆದು 11,550. ಟ್ಯಾಕ್ಸ್ ಸೇರಿಸಿ, 500 ಕಳೆದು ಕೈಗೆ 11,772 ಡಾಲರ್. ಮೊದಲಿಗಿಂತ 3,220 ಜಾಸ್ತಿ. ಆಗಿನ ಲೆಕ್ಕದಲ್ಲಿ ಎರಡೂವರೆ ಲಕ್ಷ ರೂಪಾಯಿಗೂ ಮೇಲೆ. ಅಪ್ಪ ಈ ಸಲ ಎರಡು ಕಾಯಿ ಒಡಿ ಅಂದರು.

ಅದೇ ಸೆಪ್ಟೆಂಬರಿನಲ್ಲಿ ಬೆಂಗಳೂರಲ್ಲಿ ಭಾವನ ಕಾರೂ ಹೋಗಿತ್ತು. ಬೆಳ್ಳಂದೂರು, ಯಮಲೂರು ಕಡೆ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿಗೆ ನೀರು ನುಗ್ಗಿದ ಸಮಯ ಅದು. ಅವರದ್ದು ಬೇಗ ಮುಗಿಯಿತು. ನಮ್ಮಲ್ಲಿ ಪಾಲಿಸಿ ಮಾಡಿಸೋ ದಿನವೇ ಕಾರಿನ ಬೆಲೆ ಇಷ್ಟು ಅಂತ ಐಡಿವಿ ಬರೆದುಬಿಡ್ತಾರೆ. ಮೂರು ವರ್ಷ ದಾಟಿ ನಾಲ್ಕರೊಳಗಿನ ಕಾರಿಗೆ ಶೇಕಡ 40 ಸವಕಳಿ, ಹೀಗೆ ಒಂದು ಪಟ್ಟಿಯೇ ಇದೆ. ರಿಪೇರಿ ಖರ್ಚು ಐಡಿವಿಯ ಶೇಕಡ 75 ದಾಟಿದರೆ ಟೋಟಲ್ ಲಾಸ್. ಭಾವನಿಗೆ ನಾಲ್ಕು ಲಕ್ಷ ಎಂಬತ್ತು ಸಾವಿರ ಅಂತ ಮೊದಲೇ ಗೊತ್ತಿತ್ತು, ವಾದಕ್ಕೆ ಜಾಗವೇ ಇರಲಿಲ್ಲ. "ನಿಮ್ಮ ಅಮೆರಿಕಕ್ಕಿಂತ ನಮ್ದೇ ವಾಸಿ ನೋಡು" ಅಂತ ಛೇಡಿಸಿದರು. ಮುಳುಗಿದ ಆ ಕಾರು ಈಗ ಎಲ್ಲಿದೆ ಅಂತ ಕೇಳಿದೆ. "ಯಾರೋ ತಗೊಂಡು ಹೋದ್ರಪ್ಪ, ರೆಡಿ ಮಾಡಿ ಮಾರ್ತಾರಂತೆ." ಭಾವನ ಆರ್‌ಸಿಯಲ್ಲಿ ನೀರಿನ ಬಗ್ಗೆ ಷರಾ ಬರೆಯೋ ಜಾಗವೇ ಇರಲಿಲ್ಲ. ಅದನ್ನ ಕೊಂಡೋರಿಗೆ ಯಾರು ಹೇಳ್ತಾರೆ?

ಇಲ್ಲೂ ಎಲ್ಲಾ ಶುದ್ಧ ಅಂತೇನಿಲ್ಲ. ಕಾರನ್ನ ರಾಜ್ಯದಿಂದ ರಾಜ್ಯಕ್ಕೆ ಸುತ್ತಿಸಿ ಕಾಗದದಿಂದ ಷರಾ ಅಳಿಸೋ ದಂಧೆ ಇದೆ, ಟೈಟಲ್ ತೊಳೆಯೋದು ಅಂತ ಅದಕ್ಕೆ ಹೆಸರು. ಅದನ್ನ ತಡೆಯೋಕೆ 1992ರ ಒಂದು ಕಾನೂನಿನ ಮೇಲೆ ಎನ್‌ಎಂವಿಟಿಐಎಸ್ ಅನ್ನೋ ದೇಶಕ್ಕೆಲ್ಲ ಒಂದೇ ದಾಖಲೆ ವ್ಯವಸ್ಥೆ ತಂದರು. ವಿನ್ ಹಾಕಿ ಕೆಲವೇ ಡಾಲರ್ ಕೊಟ್ಟರೆ ವರದಿ ಸಿಗುತ್ತೆ.

ಕಂಪನಿ ಇನ್ನೊಂದು ದಾರಿಯನ್ನೂ ಕೊಟ್ಟಿತ್ತು. ಕಾರನ್ನ ನಾವೇ ಇಟ್ಟುಕೊಳ್ಳೋದಾದರೆ ಹರಾಜಿನಲ್ಲಿ ಬರಬಹುದಾದ 1,900 ಡಾಲರ್ ಕಳೆದು ಉಳಿದಿದ್ದು ಕೊಡ್ತೀವಿ ಅಂತ. ಈ ಸುದ್ದಿ ಹೇಗೋ ನನ್ನ ಕಾಲೇಜಿನ ಜೂನಿಯರ್ ಒಬ್ಬನಿಗೆ ಮುಟ್ಟಿತು. ದಾವಣಗೆರೆ ಹುಡುಗ, ಬಂದು ಎರಡು ತಿಂಗಳಾಗಿತ್ತು. "ಅಣ್ಣಾ, ನೀವೇ ಇಟ್ಕೊಳ್ಳಿ. ನನಗೆ ಮೂರು ಸಾವಿರಕ್ಕೆ ಕೊಡಿ. ಗೊತ್ತಿರೋ ಮೆಕ್ಯಾನಿಕ್ ಇದಾನೆ, ಓಡೋ ಹಂಗೆ ಮಾಡ್ತಾನೆ." ಹನ್ನೊಂದು ನೂರು ಡಾಲರ್ ಕೂತಲ್ಲೇ ಲಾಭ. ಆದರೆ ಈ ಸಲ ಮುಂದಿನ ಫ್ರೇಮೇ ಬಾಗಿತ್ತು, ಎರಡು ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದವು. ಮೂರು ಸಾವಿರದ ಕಾರಿಗೆ ಯಾವ ಮೆಕ್ಯಾನಿಕ್ ಕಂಪನಿಯ ಹೊಸ ಏರ್‌ಬ್ಯಾಗ್ ಹಾಕ್ತಾನೆ? ಬೇಡ ಕಣೋ ಅಂದೆ. "ನೀವೂ ಇಂಥದ್ದೇ ತಗೊಂಡಿದ್ರಲ್ಲಣ್ಣಾ" ಅಂದ. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಫೋನು ಸ್ಪೀಕರಲ್ಲಿತ್ತು, ಇವಳು ಕೇಳಿಸಿಕೊಳ್ತಾ ಇದ್ದಳು. ಕೈಚಾಚಿ ಫೋನ್ ಇಸ್ಕೊಂಡು, "ನೋಡಪ್ಪಾ, ಅದರಲ್ಲಿ ಕೂತಿದ್ದೋಳು ನಾನು. ಕಾರು ಹುಡುಕು, ನಾನೂ ಬರ್ತೀನಿ ನೋಡೋಕೆ" ಅಂದಳು. ಅವನು ಆಮೇಲೆ ತಗೊಂಡಿದ್ದೂ ರೀಬಿಲ್ಟ್ ಕಾರೇ, ಅವನ ದುಡ್ಡಿಗೆ ಇನ್ನೇನೂ ಬರ್ತಿರಲಿಲ್ಲ. ಆದರೆ ಹಳೇ ಫೋಟೋ ತರಿಸಿ, ಬೇರೆ ಮೆಕ್ಯಾನಿಕ್‌ಗೆ 150 ಡಾಲರ್ ಕೊಟ್ಟು ತೋರಿಸಿ ತಗೊಂಡ. ಎರಡು ಕಾರು ಇವಳು ಬೇಡ ಅಂದ ಮೇಲೆ ಮೂರನೇದು.

ನಮ್ಮ ಕ್ಯಾಮ್ರಿಯನ್ನ ಟೋ ಟ್ರಕ್ ಬಂದು ಹರಾಜಿಗೆ ಒಯ್ದಿತು. ನಾವು ಮೈಲಿ ಜಾಸ್ತಿ ಓಡಿದ, ಷರಾ ಇಲ್ಲದ ಒಂದು ಕೊರೊಲಾ ನೋಡೋಕೆ ಪ್ಲೇನೋಗೆ ಹೋದೆವು. ಮಾರೋ ಯಜಮಾನ ಬಾನೆಟ್ ಎತ್ತಿ ಎಂಜಿನ್ ತೋರಿಸೋಕೆ ಶುರುಮಾಡಿದ. ನಾನು ಬಗ್ಗಿ ನೋಡ್ತಿದ್ದೆ. ಹಿಂದಿನಿಂದ ಇವಳ ದನಿ ಕೇಳಿಸಿತು, ಮೊದಲು ಟೈಟಲ್ ತೋರಿಸಿ ಅಂತ. ಆತ ಒಳಗೆ ಹೋಗಿ ತಂದ. ಮಡಿಕೆ ಬಿಡಿಸಿ, ಬಿಸಿಲಿಗೆ ಹಿಡಿದು, ಎರಡೂ ಕಡೆ ಓದಿ, ವಿನ್ ನಂಬರನ್ನ ಗಾಜಿನ ಕೆಳಗೆ ಕೊರೆದಿರೋದರ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿದಳು. ಆ ಕಾಗದ ಈಗ ನಮ್ಮ ಮ್ಯಾರೇಜ್ ಸರ್ಟಿಫಿಕೇಟ್ ಇರೋ ಫೈಲಿನಲ್ಲಿದೆ. ಫೈಲು ಅವಳ ಬೀರುವಿನಲ್ಲಿ.